ಹದಿನೇಳನೆಯ ಕೊಳವೆ

ಖಸಬ್ ಬಿಟ್ಟು ಮೂರನೆಯ ರಾತ್ರಿ.
ನಮ್ಮ ದೋಣಿಗೆ ಮೀನು ಬೇಡ, ಎಣ್ಣೆ ಬೇಡ;
ಜಲಸಂಧಿ ಕಡಲಿಗೆ ಬಾಯಿ ಬಿಡುವಲ್ಲಿ
ತಳದ ಕೆಸರು ಬೇಕು, ಮುಂಗೈ ದಪ್ಪದ ಕೊಳವೆಯಲ್ಲಿ,
ಕದಡದ ಹಾಗೆ.

ವಿಂಚಿನ ಹಿಡಿಕೆ ನನ್ನ ಕೈಯಲ್ಲಿ.
ನೂರ ಅರವತ್ತು ಮೀಟರು, ಎಪ್ಪತ್ತು, ಎಂಬತ್ತು.
ಹಗ್ಗ ಸಡಿಲಾದರೆ ತಳ ಮುಟ್ಟಿತೆಂದು ಅರ್ಥ.
ಇಲ್ಲಿ ನೀರು ಒಂದಲ್ಲ, ಎರಡು, ಅನ್ನುತ್ತಾನೆ ಖಮೀಸ್:
ಮೇಲಿನದು ಒಳಕ್ಕೆ,
ಉಪ್ಪಿಗೆ ಭಾರವಾದ ಕೆಳಗಿನದು ಹೊರಕ್ಕೆ,
ಒಂದೇ ಬಾಗಿಲಲ್ಲಿ ಬರುವವರೂ ಹೋಗುವವರೂ
ಮುಖ ನೋಡದೆ ದಾಟುವ ಹಾಗೆ.
ಅವನಜ್ಜ ಕುಮ್ಜಾರಿನವನು. ಬಲೆಯ ತಲೆ ಒಂದು ಕಡೆ
ಕಾಲು ಇನ್ನೊಂದು ಕಡೆ ಎಳೆದಾಗ
ತನ್ನ ಭಾಷೆಯಲ್ಲಿ ಬಯ್ಯುತ್ತಿದ್ದನಂತೆ.
ಆ ಭಾಷೆಯಲ್ಲಿ ಖಮೀಸನಿಗೆ ಉಳಿದಿರುವುದು
ಬಯ್ಗುಳ ಮಾತ್ರ.

ನನಗೆ ಗೊತ್ತಿದ್ದದ್ದು ಗಂಗೊಳ್ಳಿಯ ಅಳಿವೆ.
ಅಪ್ಪ ಸೀಸದ ಗುಂಡಿನ ಬುಡಕ್ಕೆ ಮೇಣ ಮೆತ್ತಿ
ಮಾರು ಎಣಿಸುತ್ತ ಇಳಿಸುತ್ತಿದ್ದ;
ಅಂಟಿಕೊಂಡು ಬಂದದ್ದನ್ನು ಬೆರಳಲ್ಲಿ ಉಜ್ಜಿ,
ಒಮ್ಮೊಮ್ಮೆ ನಾಲಿಗೆಗೂ ತಾಗಿಸಿ,
"ಈ ಹೊಯ್ಗೆ ನಿನ್ನೆ ಇಲ್ಲಿರ್ಲಿಲ್ಲ" ಅನ್ನುತ್ತಿದ್ದ,
ಹೇಳದೆ ಬಂದ ನೆಂಟನ ಬಗ್ಗೆ ಅಂದಂತೆ.

ಕೊಳವೆಯನ್ನು ಉದ್ದಕ್ಕೆ ಸೀಳಿದರು ಡಾಕ್ಟರ್ ರಯ್ಯಾ.
ಕೆಳಗೆ ಒರಟು ಮರಳು, ಮುರಿದ ಚಿಪ್ಪು,
ಅದರ ಮೇಲೆ ಸಣ್ಣದು, ಇನ್ನೂ ಸಣ್ಣದು,
ಕೊನೆಗೆ ಬೂದಿಹಸಿರು, ಬೆಣ್ಣೆಯಂಥದ್ದು.
ಇಕ್ಕಟ್ಟಿನಲ್ಲಿ ನೀರು ಎಲ್ಲವನ್ನೂ ಹೊರುತ್ತದೆ, ಅಂದರು,
ಬಯಲು ಸಿಕ್ಕ ಕೂಡಲೇ ಅದರ ಕೈ ಸೋಲುತ್ತದೆ.
ಭಾರದ್ದನ್ನು ಮೊದಲು ಇಳಿಸುತ್ತದೆ. ಹಗುರಾದ್ದನ್ನು
ದೂರ ಒಯ್ಯುತ್ತದೆ, ಬಿಡಲು ಮನಸ್ಸಿಲ್ಲದೆ.
(ಕೊನೆಯ ಮಾತು ಅವರದ್ದಲ್ಲ, ನಾನು ಸೇರಿಸಿದ್ದು.)

ನಡುವೆ ಒಂದು ಕೆಂಪು ಗೆರೆ, ಉಗುರಿನಗಲವೂ ಇಲ್ಲ.
ಶಮಾಲ್ ಗಾಳಿ ಇರಬೇಕು: ಯಾವುದೋ ವರ್ಷ
ಮರುಭೂಮಿ ಎದ್ದು ಬಂದು ನೀರ ಮೇಲೆ ಕೂತು
ನಿಧಾನ ಮುಳುಗಿದ್ದು.
ಎಷ್ಟು ಹಳೆಯದು? ಹೆಗಲು ಕುಣಿಸಿದರು.
ಸಾವಿರದ ಹತ್ತಿರ.
ಯಾರ ಅಂಗಳದ್ದು, ಯಾರ ಒಲೆಯದ್ದು,
ಯಾವ ಒಂಟೆಯ ಗೊರಸಿಗೆ ಪುಡಿಯಾದದ್ದು
ಬರೆಯಲು ಫಾರಂನಲ್ಲಿ ಕಾಲಂ ಇಲ್ಲ.
"ಕೆಂಗಂದು, ನಾಲ್ಕು ಮಿಲಿಮೀಟರು" ಎಂದು ಬರೆದೆ.

ದೂರದಲ್ಲಿ ಇರಾನಿನ ಪುಟ್ಟ ದೋಣಿಗಳು ದೀಪವಿಲ್ಲದೆ
ಆಡು ಇಳಿಸಿ ಸಿಗರೇಟು ತುಂಬಿ ಮರಳುತ್ತಿದ್ದವು.
ನಮ್ಮ ಪಕ್ಕದಲ್ಲೇ ಟ್ಯಾಂಕರೊಂದು ಹಾಯಿತು,
ಊರಿಗೆ ಊರೇ ಎದ್ದು ನಡೆದಂತೆ.
ಅದರ ಅಲೆಗೆ ಮೇಜು ವಾಲಿ ಕೊಳವೆ ಉರುಳಿ
ಸಾವಿರ ವರ್ಷ ಅಲುಗದ್ದು
ಒಂದು ತುದಿಯಲ್ಲಿ ಕಲಸಿಹೋಯಿತು.
ರಯ್ಯಾ ಏನೂ ಅನ್ನಲಿಲ್ಲ.
ಖಮೀಸ್ ಅಂದ, ಅಜ್ಜನ ಭಾಷೆಯಲ್ಲಿ.

ಸಿಡಿದದ್ದನ್ನು ಒರೆಸಲು ಹೋದವನು
ಬೆರಳಲ್ಲಿ ಉಜ್ಜಿದೆ. ಯಾರೂ ನೋಡುತ್ತಿರಲಿಲ್ಲ.
ನಾಲಿಗೆಗೆ ತಾಗಿಸಿದೆ.
ಉಪ್ಪು. ಆಮೇಲೆ ತುಸು ಕಬ್ಬಿಣ.
ಆಮೇಲೆ ಹಲ್ಲಿನ ಸಂದಿಯಲ್ಲಿ ಒಂದೇ ಒಂದು ಕಾಳು,
ಎಷ್ಟು ಹೊತ್ತಾದರೂ ಕರಗದೆ.

ಹದಿನೆಂಟು ಇಳಿಸು, ಅಂದರು.