ಕನ್ನಡಕ ತೆಗೆದು ಓದು

ಕುತೈಸಿಯಲ್ಲಿ ಲಮಾರಾಳ ಕಚೇರಿ ಎಂದರೆ
ಮೆಟ್ಟಿಲ ಕೆಳಗಿನ ಗೂಡು.
ಒಂದು ಪ್ರಿಂಟರ್, ಅದರ ಬಿಸಿಗೆ ಮಲಗಿದ ಬೆಕ್ಕು,
ಗೋಡೆ ತುಂಬ ಬಣ್ಣ ತಪ್ಪಿದ ಪ್ರೂಫುಗಳು.
ಕಿಟಕಿಯಲ್ಲಿ ರಿಯೋನಿ ಹೊಳೆ ಅರ್ಧ,
ಮಿಕ್ಕರ್ಧ ನೆರೆಮನೆಯವರು ಒಣಹಾಕಿದ ಬಟ್ಟೆ.

ನನಗಾಗ ಇಪ್ಪತ್ತೆರಡು. ಟಿಬಿಲಿಸಿಯಲ್ಲಿ ಕಲಿತು ಬಂದಿದ್ದೆ:
ಖಾಲಿ ಜಾಗ ಎಷ್ಟು ಬಿಡಬೇಕು,
ಯಾವ ಕೆಂಪಿನ ಪಕ್ಕ ಯಾವ ಬೂದಿ.

ಓತಾರ್ ಬಂದ, ಬೂಟು ರಿಪೇರಿಯವನು.
ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟ,
ಅಂಗೈ ಅದರ ಮೇಲೇ ಇತ್ತು.
'ಎದುರಿನ ದೊಡ್ಡ ಅಂಗಡಿಗಿದೆಯಲ್ಲಮ್ಮ,
ಅಂಥದೊಂದು ಲೋಗೋ ಬೇಕು.
ಜನ ನನ್ನನ್ನು ದಾಟಿ ಹೋಗುತ್ತಾರೆ.'

ಎರಡು ರಾತ್ರಿ ಕೂತು ಹದಿನೇಳು ಬರೆದೆ.
ರೆಕ್ಕೆ ಬಂದ ಹಿಮ್ಮಡಿ. ನಗುವ ಲೇಸು.
ಸೂಜಿಯೇ ಬಾಗಿ ಅವನ ಹೆಸರಿನ ಮೊದಲಕ್ಷರವಾದದ್ದು,
ಅದರ ಬಗ್ಗೆ ನನಗೆ ಈಗಲೂ ಗುಟ್ಟಾದ ಜಂಬ.

ಲಮಾರಾ ಒಂದನ್ನೂ ನೋಡಲಿಲ್ಲ.
ತನ್ನ ಸ್ಯಾಂಡಲಿನ ಬಾರನ್ನು ತಾನೇ ಕತ್ತರಿಸಿಕೊಂಡು
ಅವನ ಅಂಗಡಿಗೆ ಹೋಗಿ ಕೂತಳು.
ಮೂರು ದಿನ.

ಬಂದು ಹೇಳಿದಳು:
ಸೇತುವೆ ಕಡೆಯಿಂದ ಬಂದರೆ ಬೋರ್ಡು ಚಿನಾರ್ ಎಲೆಗಳ ಹಿಂದೆ.
ಮಂಗಳವಾರ, ಶುಕ್ರವಾರ ಬಾಗಿಲು ತೆರೆಯುವುದು ಹನ್ನೆರಡಕ್ಕೆ,
ಹೆಂಡತಿಗೆ ಡಯಾಲಿಸಿಸ್.
ಎರಡು ಸಲ ಬೀಗ ನೋಡಿದವರು
ಮೂರನೆಯ ಸಲ ಬರುವುದಿಲ್ಲ.
'ಅವನಿಗೆ ಬೇಕಾದದ್ದು ಏಣಿ ಕಣೋ, ಗೋಚಾ.'

ಏಣಿ ತಂದೆವು.
ಅವನಪ್ಪ ತಗಡಿನಲ್ಲಿ ಕತ್ತರಿಸಿದ ಅಕ್ಷರಗಳು,
ನಮ್ಮ ಲಿಪಿ ದುಂಡು, ದ್ರಾಕ್ಷಿಬಳ್ಳಿಯ ಕುಡಿಗಳ ಹಾಗೆ;
ಒಂದು ಓ ಮಾತ್ರ ತುಕ್ಕು ತಿಂದು ಬಾಯಿ ಬಿಟ್ಟಿತ್ತು.
ಅವನ್ನೇ ತಿಕ್ಕಿ, ಹಳದಿ ಬಳಿದು,
ಒಂದಾಳುದ್ದ ಕೆಳಗಿಳಿಸಿದೆವು.
ಕೆಳಗೆ ಅವಳೇ ಬರೆದಳು, ಯಾವ ದಿನ ಎಷ್ಟು ಹೊತ್ತಿಗೆ.

ಆಮೇಲೆ ರಸ್ತೆಯಾಚೆ ನಡೆದು, ಕನ್ನಡಕ ತೆಗೆದು,
ಎಪ್ಪತ್ತೈದರ ಮುದುಕಿಯಾಗಿ ಕಣ್ಣು ಕಿರಿದು ಮಾಡಿ
ಗಟ್ಟಿಯಾಗಿ ಓದಿದಳು. ಬಸ್ಸೊಂದು ಹಾರನ್ ಹೊಡೆಯಿತು,
ಅವಳು ಕದಲಲಿಲ್ಲ, ಶುಕ್ರವಾರದವರೆಗೂ ಓದಿದಳು.

ಲಕೋಟೆಯಿಂದ ಬಣ್ಣದ ಖರ್ಚು, ಮೂರು ದಿನದ ಕೂಲಿ
ಎಣಿಸಿಕೊಂಡು, ಮಿಕ್ಕದ್ದನ್ನು ಅವನ ಒಳಜೇಬಿಗೇ ತುರುಕಿದಳು.
ಸ್ಯಾಂಡಲ್ ಹೊಲಿದದ್ದಕ್ಕೆ ದುಡ್ಡು ಮುರಿದುಕೊಳ್ಳಲಿಲ್ಲವೆಂದು
ಜಗಳ ಬೇರೆ.

ನನ್ನ ಹದಿನೇಳು ಹಾಳೆಗಳ ಮೇಲೆ
ಬೆಕ್ಕು ಮರಿ ಹಾಕಿತು.

ಅವಳನ್ನು ದೇವತೆ ಮಾಡುತ್ತಿಲ್ಲ ನಾನು.
ಬಾಯಿ ಕೆಟ್ಟದ್ದು. ಸಂಬಳ ತಡ.
ಆ ಚಳಿಗಾಲ ಗಿರವಿ ಅಂಗಡಿಯ ಪೋಸ್ಟರು ಬಂತು,
'ಐದೇ ನಿಮಿಷಕ್ಕೆ ಹಣ', ಒಂದೊಂದಕ್ಷರ ಅಂಗೈಯಗಲ,
ಬಡ್ಡಿ ಮಾತ್ರ ಅಡಿಯಲ್ಲಿ, ಇರುವೆ ಸಾಲು.
ಬಡ್ಡಿಯನ್ನೂ ಹಣದಷ್ಟೇ ದಪ್ಪ ಮಾಡಿ ಕೊಟ್ಟಳು.
'ಪಕ್ಕದಲ್ಲಿ ನಿಮ್ಮ ಹೆಸರಿದೆ ಸ್ವಾಮಿ,
ಜನ ಶಾಪ ಹಾಕುವುದು ಅದಕ್ಕೇ.
ಅದು ನನ್ನ ಕಣ್ಣೆದುರು ಆಗುವುದು ಬೇಡ.'
ಅವರು ಬೇರೆಡೆ ಹೋದರು. ಹೀಟರ್ ಆರಿತು.
ಕೋಟು ಹಾಕಿಕೊಂಡೇ ಅಕ್ಷರ ಜೋಡಿಸಿದೆವು ಮಾರ್ಚಿನವರೆಗೆ.

ಈಗ ಬತುಮಿಯಲ್ಲಿ ನನ್ನದೇ ಕಚೇರಿ, ಹದಿನಾಲ್ಕನೇ ಮಹಡಿ,
ಸಮುದ್ರ ಪೂರ್ತಿ ಕಾಣುತ್ತದೆ.
ಒಮ್ಮೆ ನಾನೂ ಬರೆದೆ ಆ ಇರುವೆ ಸಾಲು.
ಮಗಳ ಶಾಲೆ, ಮನೆಯ ಕಂತು,
ಕಾರಣಗಳೆಲ್ಲ ದಪ್ಪಕ್ಷರದಲ್ಲೇ ಇದ್ದವು.

ಬಸ್ ನಿಲ್ದಾಣದಲ್ಲಿ ಆ ಪೋಸ್ಟರಿನ ಮುಂದೆ
ಟೊಮೆಟೊ ಚೀಲ ಹಿಡಿದ ಒಬ್ಬಾಕೆ,
'ಕನ್ನಡಕ ಮರೆತು ಬಂದೆ ಮಗಾ,
ಕೆಳಗೇನು ಬರೆದಿದೆ?' ಅಂದಳು.

ಓದಿದೆ.
ಅವಳು ಕಿವಿಯ ಹಿಂದೆ ಕೈಯಿಟ್ಟು 'ಇನ್ನೊಮ್ಮೆ' ಅಂದಳು.
ಇನ್ನೊಮ್ಮೆ ಓದಿದೆ, ಗಟ್ಟಿಯಾಗಿ,
ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು.
ಬಸ್ಸು ಬಂತು, ಬಾಗಿಲು ತೆರೆಯಿತು.
ಅವಳು ಚೀಲ ಕೆಳಗಿಟ್ಟು ಬೆರಳಲ್ಲಿ ಲೆಕ್ಕ ಹಾಕತೊಡಗಿದಳು.
ನಾನೂ ಹತ್ತಲಿಲ್ಲ.