ಎಂದರೆ ಸರಿ

ಅರಸೀಕೆರೆ ಮುನ್ಸೀಫ್ ಕೋರ್ಟಿನಲ್ಲಿ ನಾನು ಬೆರಳಚ್ಚುಗಾರ್ತಿ.
ಮೂರು ಹಾಳೆ, ನಡುವೆ ಎರಡು ಕಾರ್ಬನ್ನು.
ಸಾಕ್ಷಿ ಹೇಳಿದ್ದು ಸಾಹೇಬರ ಕಿವಿಗೆ ಬೀಳುತ್ತದೆ,
ಸಾಹೇಬರು ಹೇಳಿದ್ದು ಹಾಳೆಗೆ.
ನಡುದಾರಿಯಲ್ಲಿ ಏನೇನು ಉದುರುತ್ತದೋ
ಸಂಜೆ ಕಸ ಗುಡಿಸುವ ಪುಟ್ನಂಜಿಗೂ ಸಿಕ್ಕಿಲ್ಲ.

ಅಸಲು ದಾವೆ, ಒಂಬತ್ತನೇ ವರ್ಷ.
ಮೇಲಿನ ಬೀದಿಯ ಅಡವೀಶಪ್ಪನವರು ವಾದಿ.
ಮನೆಗಂದಾಯ ಬಾಕಿ
ಇನ್ನೂರ ಹನ್ನೊಂದು ರೂಪಾಯಿ ನಲವತ್ತು ಪೈಸೆ,
ಅದಕ್ಕೆ ಕೊಬ್ಬರಿ ಅಟ್ಟದ ಸಮೇತ ಮನೆ ಹರಾಜು.
ಸವಾಲು ಕೂಗಿದವರು ಗಫಾರ್ ಸಾಬರು,
ಮೂರು ಸಾವಿರದ ಐವತ್ತಕ್ಕೆ.
ಅಂದಿನಿಂದ ಬಾಗಿಲಿಗೆ ಕೋರ್ಟಿನ ಬೀಗ.
ಅಟ್ಟದ ಕೊಬ್ಬರಿ ಎಣ್ಣೆ ಬಿಟ್ಟು, ಕಮಟಿ,
ಬೀದಿ ತುಂಬ ವಾಸನೆ ಎಂದು ಇಬ್ಬರದೂ ಅರ್ಜಿ.

ಉಳಿದದ್ದು ಒಂದೇ ಪ್ರಶ್ನೆ:
ಹರಾಜಿಗೆ ಮುಂಚೆ ತಮಟೆ ಆಯಿತೇ?
ಕಾಗದ ಓದಲಾರದವನಿಗೂ
ಸುದ್ದಿ ಕಿವಿಗೆ ಬೀಳಬೇಕು, ಕಾನೂನು ಹಾಗೆ.

ಕಟಕಟೆಗೆ ಬಂದವನು ಗಿಡ್ಡಯ್ಯ, ಸುಮಾರು ಎಪ್ಪತ್ತು.
ಎಲ್ಲರ ಚಪ್ಪಲಿ ಬಾಗಿಲಲ್ಲಿ,
ಅವನದು ಮೆಟ್ಟಿಲಿನ ಕೆಳಗೆ, ಬಿಸಿಲಲ್ಲಿ.
‘ಹೊಡ್ದೆ ಬುದ್ಧೀ. ತೆಂಗಿನ ಮಟ್ಟೆ ಉರಿಹಾಕಿ,
ಚರ್ಮ ಕಾಯ್ಸಿ, ಬಿಗಿ ಬಂದ್ಮ್ಯಾಲೆ ಹೊಡ್ದೆ.
ಶಾನುಭೋಗ್ರು ಎಲ್ಡು ರೂಪಾಯ್ ಕೊಟ್ರು.’
ಸಾಹೇಬರು ಹೇಳಿಸಿದರು: ‘ತಮಟೆ ಬಾರಿಸಿರುತ್ತೇನೆ.’
ಬಡಿದೆ.
ಮಟ್ಟೆಯ ಉರಿ ಹಾಳೆಗೆ ಬರಲಿಲ್ಲ.

ವಾದಿ ವಕೀಲರು ಎದ್ದರು. ಎಲ್ಲಿ ನಿಂತು ಹೊಡೆದೆ?
‘ಬೇವಿನಮರದ ತಾವ.’
ವಾದಿಯ ಮನೆ ಅಲ್ಲಿಂದ ಎಷ್ಟು ದೂರ?
‘ಹನ್ನೊಂದು ಮನೆ ದಾಟ್ಬೇಕು.’
ದಾಟಿದೆಯಾ?

ಫ್ಯಾನು ಒಂದಷ್ಟು ಹೊತ್ತು ತಿರುಗಿತು.

‘ಆ ಬೀದಿಗೆ ನಾವು ಹೋಗಂಗಿಲ್ವಲ್ಲ, ಬುದ್ಧೀ.’

ಯಾರು ಬೇಡ ಅಂದದ್ದು ಎಂದು ಯಾರೂ ಕೇಳಲಿಲ್ಲ.
ಗಿಡ್ಡಯ್ಯನ ಕಣ್ಣು ಮೂರನೇ ಬೆಂಚಿನ ತನಕ ಹೋಗಿ
ಅಡವೀಶಪ್ಪನವರ ಧೋತ್ರದ ಅಂಚಿನಲ್ಲಿ ನಿಂತಿತು.
ಅಲ್ಲಿಂದ ಮುಂದೆ ಹೋಗಲಿಲ್ಲ.

ಅವರದು ಹಿಂದಿನ ವಾಯಿದೆಗೇ ಮುಗಿದಿತ್ತು, ನಾನೇ ಬಡಿದದ್ದು:
‘ಆ ದಿನ ತಮಟೆಯ ಸದ್ದು ಕೇಳಿದ್ದು ನಿಜ.
ಕೇರಿಯಲ್ಲಿ ಯಾರೋ ಸತ್ತಿರಬೇಕೆಂದು ಭಾವಿಸಿ
ಊಟಕ್ಕೆ ಕುಳಿತೆನು.’

ಸಾಹೇಬರು ಕನ್ನಡಕ ಒರೆಸಿಕೊಂಡರು.
‘ದಾವಾ ಸ್ವತ್ತಿನ ಮುಂದೆ ನಾನು ತಮಟೆ ಬಾರಿಸಿಲ್ಲ
ಎಂದರೆ ಸರಿ.’
ಎಂದರೆ ಸರಿ. ಬೆರಳು ನೋಡದೆ ಬಡಿಯುತ್ತದೆ.
ಯಾವ ಸಾಕ್ಷಿಯ ಬಾಯಿಂದಲೂ ನಾನು ಈ ಮಾತು ಕೇಳಿಲ್ಲ,
ಎಲ್ಲ ಸಾಕ್ಷಿಯಲ್ಲೂ ಇದೆ.

ಮರುಪ್ರಶ್ನೆ ಇಲ್ಲ, ಎಂದರು ಸಾಬರ ವಕೀಲರು,
ಗಡಿಯಾರ ನೋಡುತ್ತ.
ಅವರ ಮನೆಯೂ ಅಂಥದೇ ಬೀದಿಯಲ್ಲಿ.

‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದೆ’
ಬೆಳಿಗ್ಗೆಯೇ ಬಡಿದಿಟ್ಟ ಸಾಲು.
ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಮೆಲ್ಲಗೆ ಕೇಳಿದ:
‘ಅವ್ವಾ, ಯಾಕೆ ಮರದ ತಾವೇ ನಿಂತೆ ಅನ್ನೋದೂ
ಅದ್ರಾಗೆ ಐತಾ?’
ಇದೆ, ಅಂದೆ.
ಒತ್ತಿದ. ಒತ್ತಿ, ಗೋಡೆಗೆ ಒರೆಸಲೋ ಪಂಚೆಗೋ ಎಂದು
ನನ್ನನ್ನೇ ನೋಡಿದ.

ತೀರ್ಪು ಯುಗಾದಿ ಕಳೆದ ಮೇಲೆ:
ಘೋಷಣೆ ಕ್ರಮಬದ್ಧವಲ್ಲ, ಹರಾಜು ರದ್ದು.
ಬೀದಿಗೆ ಬಾರದ ತಮಟೆ
ಅಡವೀಶಪ್ಪನವರಿಗೆ ಮನೆ ತಂದುಕೊಟ್ಟಿತು.
ಗಿಡ್ಡಯ್ಯನಿಗೆ ಭತ್ಯೆ ಹನ್ನೆರಡು ರೂಪಾಯಿ,
ಬಸ್ಸಿಗೆ ಹೋಗಿಬರಲು ಎಂಟು.

ಸಾಬರು ಹಾಸನಕ್ಕೆ ಮೇಲ್ಮನವಿ ಹೋದರು.
ನಕಲು ಬಡಿಯುತ್ತ ಕೂತಿದ್ದೆ, ಒಬ್ಬಳೇ, ದೀಪ ಹಚ್ಚುವ ಹೊತ್ತು.
ನಾಲ್ಕನೇ ಪುಟದ ಬುಡದಲ್ಲಿ
ಒಂದು ಸಾಲಿನಷ್ಟು ಬಿಳಿ ಜಾಗ.
ಬೇವಿನಮರ ಎಂದು ಬಡಿಯಹೊರಟೆ.
‘ಬೇ’ ಬಿತ್ತು.
ಸ್ಟೇಷನ್ನಿನಲ್ಲಿ ರೈಲು ಕೂಗಿತು, ಕೈ ನಿಂತಿತು.

ಅಡ್ಡಗೆರೆ ಎಳೆದೆ.
ಹೊಡೆದುಹಾಕಿದ್ದಕ್ಕೂ ಸಹಿ ಬೇಕು, ನಿಯಮ.
ಪಕ್ಕದಲ್ಲಿ ಚುಟುಕು ಸಹಿ ಹಾಕಿದ್ದೇನೆ.
ಆ ‘ಬೇ’ ಯಾವುದರದ್ದೆಂದು
ಹಾಸನದಿಂದ ಇನ್ನೂ ಯಾರೂ ಕೇಳಿಲ್ಲ.