ಇವತ್ತಿಗೆ ಮಾತ್ರ

ಚಿಕ್ಕಪೇಟೆಯ ಗಾದಿಯ ಮೇಲೆ ಇಪ್ಪತ್ತಾರು ವರ್ಷ
ಮಂಡಿ ಮಡಚಿ ಕೂತು ಸೀರೆ ಬಿಚ್ಚಿದವನು ನಾನು.
ನನಗೇ ಗಾಳ ಹಾಕಿದರು ನೋಡಿ.

ಪೆಟ್ರೋಲ್ ಬಂಕಿನಲ್ಲಿ ತುಂಬಿದ ಚೀಟಿ,
ವಾರ ಬಿಟ್ಟು ಫೋನು: ‘ಸಾರ್, ಗೆದ್ದಿದ್ದೀರಿ,
ಜೋಡಿಯಾಗಿಯೇ ಬರಬೇಕು.’
ರೆಸಿಡೆನ್ಸಿ ರಸ್ತೆಯ ಹೋಟೆಲು, ತಣ್ಣನೆಯ ಹಜಾರ,
ದುಂಡು ಮೇಜು, ಗೋಡಂಬಿ ಬಿಸ್ಕತ್ತು.
ಟೈ ಕಟ್ಟಿದ ಹುಡುಗ ಪ್ರಣೀತ
ಪಂಕಜಾಕ್ಷಿಯ ಮಂಡಿನೋವು ವಿಚಾರಿಸಿದ.
‘ಆಂಟಿ, ಕೊನೆಯ ಸಲ ಸಮುದ್ರ ನೋಡಿದ್ದು ಯಾವಾಗ?’
ಅವಳು ಸುಮ್ಮನಿದ್ದಳು.

ಪಟ್ಟಂತ ಎಲ್ಲೋ ಬಲೂನು ಒಡೆಯಿತು.
ಯಾರೋ ಸಹಿ ಹಾಕಿದರಂತೆ. ಚಪ್ಪಾಳೆ.

ನನಗೆ ಗೊತ್ತು ಈ ವಿದ್ಯೆ:
ಮೊದಲು ಕಾಫಿ, ಆಮೇಲೆ ಮೂವತ್ತು ಸೀರೆ,
ಬಿಚ್ಚಿದ ರಾಶಿ ನೋಡಿಯೇ ಗಿರಾಕಿಗೆ ಏಳಲು ಸಂಕೋಚ.
ಗೊತ್ತಿದ್ದೂ ಕೂತೆ.
ವರ್ಷಕ್ಕೊಂದು ವಾರ, ಇಪ್ಪತ್ತೈದು ವರ್ಷ,
ನಾಲ್ಕೂವರೆ ಲಕ್ಷ ಎರಡೂ ಮುಕ್ಕಾಲಿಗೆ ಇಳಿಯಿತು,
ಇವತ್ತಿಗೆ ಮಾತ್ರ.
ಪೆನ್ನಿನ ಮುಚ್ಚಳ ತೆಗೆದದ್ದು ನನ್ನ ಕೈಯೇ.

‘ಬಾತ್ರೂಮಿಗೆ ಹೋಗಿಬರ್ತೀನಿ’ ಎಂದವಳು
ಹತ್ತು ನಿಮಿಷ ಬರಲಿಲ್ಲ.
ಬಂದಾಗ ಚೀಟಿಯ ಬೆನ್ನ ಮೇಲೆ ಲೆಕ್ಕ:
ಅದೇ ರೆಸಾರ್ಟಿಗೆ ಫೋನು ಹಚ್ಚಿದ್ದಳು. ಅದೇ ಕೋಣೆ,
ಶ್ರಾವಣದಲ್ಲಿ ರಾತ್ರಿಗೆ ಮೂರು ಸಾವಿರ, ತಿಂಡಿ ಸೇರಿ.
‘ಮೇಂಟೆನೆನ್ಸೇ ವರ್ಷಕ್ಕೆ ಹದಿನೆಂಟು ಸಾವಿರ ಅಂದ್ಯಲ್ಲ,
ಅಷ್ಟರಲ್ಲೇ ಆರು ರಾತ್ರಿ ಮಲಗ್ತೀವಿ.
ಎರಡೂ ಮುಕ್ಕಾಲು ಲಕ್ಷ ಯಾತಕ್ಕಪ್ಪ, ದಿಂಬಿಗಾ?
ಮೇ ತಿಂಗಳಲ್ಲಿ ರೂಮು ಸಿಗತ್ತೆ ಅಂತ
ಇದರಲ್ಲಿ ಎಲ್ಲಿ ಬರೆದಿದೆ, ತೋರಿಸು.’

ಮ್ಯಾನೇಜರು ಬಂದ. ಇನ್ನೂ ನಲವತ್ತು ಸಾವಿರ ಇಳಿಸಿದ.
‘ಕಾಗದ ಕೊಡಿ, ಮನೇಲಿ ಓದ್ತೀವಿ.’
ಅದು ಮನೆಗೆ ಹೋಗುವ ಕಾಗದವಲ್ಲವಂತೆ.

ಬಸ್ಸಿನಲ್ಲಿ ಹೇಳಿದಳು:
‘ವಿಮೆ ಆಫೀಸಿನ ಸಂಪಂಗಪ್ಪ ತನ್ನ ವಾರ ಮಾರೋಕೆ
ನಾಲ್ಕು ವರ್ಷದಿಂದ ಅಲೀತಿದಾನೆ, ಕಾಲು ಬೆಲೆಗೂ ಕೇಳೋರಿಲ್ಲ.
ಬೇಕೇ ಬೇಕಂದ್ರೆ ಅವನ ಹತ್ರ ತಗೊಳ್ಳೋಣ,
ಹಳೇ ಬಾಕಿ ಇಲ್ಲ ಅಂತ ಬರೆಸಿಕೊಂಡು.
ಉಟ್ಟ ಸೀರೇನ ನಿಮ್ಮಂಗಡಿ ವಾಪಸು ತಗೊಳ್ಳತ್ತಾ?’

ಬಹುಮಾನದ ಕೂಪನ್ನು: ಮೂರು ರಾತ್ರಿ ಪುಕ್ಕಟೆ,
ತೆರಿಗೆ ಬೇರೆ, ಶನಿವಾರ ಭಾನುವಾರ ಇಲ್ಲ.
ಮಿನರ್ವ ಸರ್ಕಲ್ ದಾಟುವಾಗ, ಕಿಟಕಿಯ ಕಡೆ ತಿರುಗಿ:
‘ಮದುವೆಯಾದ ವರ್ಷ. ಮಲ್ಪೆ.
ಅವನಿಗ್ಯಾಕೆ ಹೇಳಲಿ?’

ಸೋಮವಾರ ಹೊಸಕೋಟೆಯ ಹೆಂಗಸು
ಮೂವತ್ತೊಂದನೆಯ ಸೀರೆ ನೋಡಿ ‘ನಾಳೆ ಬರ್ತೀನಿ’ ಎಂದಳು.
ಅಮ್ಮಾ, ಈ ರೇಟು ಇವತ್ತಿಗೆ...
ನಾಲಿಗೆಯ ತುದಿಯಲ್ಲೇ ನಿಂತಿತು.
ಗಲ್ಲಾದಿಂದ ಧಣಿ ನೋಡುತ್ತಲೇ ಇದ್ದರು.
ನಾನು ಮಡಚತೊಡಗಿದೆ.